ಗೂಗಲ್ ಪಂಚಾಂಗ ಮೀಮಾಂಸೆ

ಪಂಚಾಂಗಕ್ಕೆ ಅಂಗಗಳು ಐದು: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಫೋನಿನ ಕ್ಯಾಲೆಂಡರಿಗೂ ಐದೇ: ಈವೆಂಟು, ಟೈಮು, ರಿಪೀಟು, ರಿಮೈಂಡರು, ಇನ್ವೈಟು. ಈ ಸಂಖ್ಯಾಸಾಮ್ಯ ಬರೀ ಕಾಕತಾಳೀಯ ಎನ್ನುವವರು ನಮ್ಮ ಪೂರ್ವಪಕ್ಷದವರು. ಅವರನ್ನು ಈಗಲೇ ಖಂಡಿಸಿದರೆ ಪ್ರಬಂಧ ಇಲ್ಲಿಗೇ ಮುಗಿದುಹೋಗುತ್ತದಾದ್ದರಿಂದ ಸದ್ಯಕ್ಕೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಲಾಗಿದೆ.

ಈ ಗ್ರಂಥದ ಅಧ್ಯಯನ ಕ್ಷೇತ್ರ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲೂಕು. ಸಕಲೇಶಪುರವನ್ನು ಸೇರಿಸಿಲ್ಲ. ಅಲ್ಲಿ ಮಳೆ ಹಿಡಿದರೆ ಕಾಲವೇ ನಿಂತುಹೋಗುತ್ತದೆ, ಅದಕ್ಕೆ ಬೇರೆ ಶಾಸ್ತ್ರವೇ ಬೇಕು.

ಗೂಗಲ್ ಕ್ಯಾಲೆಂಡರ್ ಅವತರಿಸಿದ್ದು 2006ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಿತ್ತು. ಅಂದರೆ ಕ್ಯಾಲೆಂಡರು ಹುಟ್ಟುವ ಹೊತ್ತಿಗೆ ತಾಲೂಕಿನ ದೊಡ್ಡ ಈವೆಂಟೇ ಕಳೆದುಹೋಗಿತ್ತು. ಮುಂದಿನದಕ್ಕಾದರೂ ಹಾಕಿಡೋಣವೆಂದರೆ, ಹನ್ನೆರಡು ವರ್ಷಕ್ಕೊಮ್ಮೆ ಎಂದು ಎಲ್ಲರೂ ಹೇಳುವುದನ್ನು ನಂಬಿ ರಿಪೀಟ್ ಒತ್ತುವ ಮುನ್ನ ಇತಿಹಾಸ ನೋಡಬೇಕು. ಅಭಿಷೇಕ ನಡೆದದ್ದು 1940, 1953, 1967, 1981, 1993, 2006, 2018ರಲ್ಲಿ. ಕಳೆದು ನೋಡಿ: ಹದಿಮೂರು, ಹದಿನಾಲ್ಕು, ಮತ್ತೆ ಹದಿನಾಲ್ಕು, ಆಮೇಲೆ ಹನ್ನೆರಡು, ಹದಿಮೂರು, ಹನ್ನೆರಡು. 1940ರಲ್ಲಿ ಯಾರಾದರೂ ಶಿಸ್ತಿನ ಮನುಷ್ಯ ಹನ್ನೆರಡಕ್ಕೊಮ್ಮೆ ಎಂದು ಹಾಕಿಟ್ಟಿದ್ದರೆ, ಅವನ ಮೊಮ್ಮಗ 2012ರಲ್ಲಿ ಒಬ್ಬನೇ ಹಾಲಿನ ಬಿಂದಿಗೆ ಹೊತ್ತುಕೊಂಡು ವಿಂಧ್ಯಗಿರಿ ಹತ್ತಿರುತ್ತಿದ್ದ. ಸಾವಿರ ವರ್ಷದಿಂದ ಒಂದೇ ಕಡೆ ನಿಂತಿರುವ ಗೊಮ್ಮಟನ ಕ್ಯಾಲೆಂಡರು ಮಾತ್ರ ಪೂರ್ತಿ ಖಾಲಿ. ಆದರೂ ಅವನ ಉತ್ಪಾದಕತೆಯ ಬಗ್ಗೆ ಯಾವ ಮ್ಯಾನೇಜರನೂ ಮೇಲ್ ಕಳಿಸಿದ್ದಿಲ್ಲ.

ಇನ್ನು ಹಾಸನ. ಮೀಮಾಂಸೆಯ ಗಂಟು ಇರುವುದು ಇಲ್ಲೇ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ, ಬಾಳೆಕಂದು ಕಡಿದ ಮೇಲೆ. 2023ರಲ್ಲಿ ಅಧಿಕ ಶ್ರಾವಣ ನಡುವೆ ಬಂದು ಅದು ನವೆಂಬರ್ 2ಕ್ಕೆ ಹೋಯಿತು. 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ಈ ನಿಯಮವನ್ನು ಫೋನಿಗೆ ತಿಳಿಸಿಹೇಳುವುದು ಹೇಗೆ? ಜಗತ್ತಿನ ಕ್ಯಾಲೆಂಡರುಗಳೆಲ್ಲ ಪರಸ್ಪರ ಮಾತಾಡಿಕೊಳ್ಳಲು 1998ರಲ್ಲಿ ಐಕ್ಯಾಲೆಂಡರ್ ಎಂಬ ಧರ್ಮಶಾಸ್ತ್ರ ರಚನೆಯಾಯಿತು. ಅದರಲ್ಲಿ ಪುನರಾವರ್ತನೆಗೆ ಏಳು ಬಗೆ: ಸೆಕೆಂಡು, ನಿಮಿಷ, ಗಂಟೆ, ದಿನ, ವಾರ, ತಿಂಗಳು, ವರ್ಷ. ಸೆಕೆಂಡಿಗೊಮ್ಮೆ ನೆನಪಿಸು ಎಂದು ಕೇಳಿಕೊಳ್ಳುವ ಹುಚ್ಚನಿಗೂ ಅಲ್ಲಿ ಜಾಗವಿದೆ, ಹುಣ್ಣಿಮೆಗಿಲ್ಲ. 2015ರಲ್ಲಿ ತಿದ್ದುಪಡಿಯಾಗಿ ಚೀನೀ, ಹೀಬ್ರೂ ಪಂಚಾಂಗಗಳಿಗೆ ದಾರಿ ಬಿಟ್ಟರು. ಚೀನಾದ ಹೊಸ ವರ್ಷ ಬಲೆಗೆ ಬಿತ್ತು, ಹಾಸನಾಂಬೆ ಬೀಳಲಿಲ್ಲ. ಮೂರು ಕಲ್ಲಿನ ಒಲೆಯಂತೆ ತಿಥಿ, ಮಾಸ, ವಾರ ಮೂರೂ ಸರಿಯಾಗಿ ಕೂತರೆ ಮಾತ್ರ ಬೇಯುವ ಲೆಕ್ಕ ಅದು.

ಹೊಳೆನರಸೀಪುರ ಸಂಪ್ರದಾಯದ ಸೂತ್ರ ಸರಳ: ಮುಹೂರ್ತ ಮೊದಲು, ಮೀಟಿಂಗು ಆಮೇಲೆ. ಈ ಸಂಪ್ರದಾಯದ ನಿಂಬೆಹಣ್ಣಿನ ಶಾಖೆ ರಾಜ್ಯಕ್ಕೆಲ್ಲ ಪರಿಚಿತವಾದ್ದರಿಂದ ಭಾಷ್ಯ ಬರೆಯುವ ಶ್ರಮ ತಪ್ಪಿತು. ಶೋಧಕರಿಗೆ ಇಲ್ಲಿ ದೊರೆತ ಅಚ್ಚರಿ ಬೇರೆ. ರಾಹುಕಾಲ ಗೂಗಲ್‌ಗೆ ಹೇಳಿ ಮಾಡಿಸಿದಂತಿದೆ. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ, ಹೀಗೆ ದಿನಕ್ಕೆ ಒಂದೂವರೆ ಗಂಟೆ, ವಾರ ವಾರವೂ ಅದೇ. ಸೂರ್ಯೋದಯ ನೋಡಿಯೇ ಲೆಕ್ಕ ಹಾಕಬೇಕೆಂಬ ಮಡಿವಂತರನ್ನು ಬಿಟ್ಟರೆ ತಕರಾರಿಲ್ಲ. ಏಳು ಸಲ ರಿಪೀಟ್ ಒತ್ತಿದರೆ ವಾರಕ್ಕೆ ಹತ್ತೂವರೆ ಗಂಟೆ ಕೆಂಪು ಬಣ್ಣದಲ್ಲಿ ಬ್ಲಾಕ್ ಆಗುತ್ತದೆ. ಆ ಹೊತ್ತಿನಲ್ಲಿ ಯಾರೂ ನಿಮ್ಮನ್ನು ಮೀಟಿಂಗಿಗೆ ಕರೆಯುವಂತಿಲ್ಲ. ಅಮೆರಿಕದಲ್ಲಿ ಇದನ್ನೇ ಫೋಕಸ್ ಟೈಮ್ ಎಂದು ಮಾರುತ್ತಾರೆ.

ಅರಕಲಗೂಡಿಗೆ ಬಂದರೆ ಶಾಸ್ತ್ರ ನೆಲಕ್ಕಿಳಿಯುತ್ತದೆ. ಸೂರ್ಯ ಇಪ್ಪತ್ತೇಳು ನಕ್ಷತ್ರ ದಾಟಲು ಒಂದು ವರ್ಷ ಬೇಕು, ಆದ್ದರಿಂದ ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಎರಡು ವಾರಕ್ಕೊಮ್ಮೆ ಎಂದು ಫೋನಿಗೆ ಹೇಳಿದರೆ ಆರಿದ್ರೆ ಬರುವುದರೊಳಗೇ ಲೆಕ್ಕ ಜಾರಲು ಶುರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೊಬ್ಬ ಊರಿನ ಅಪ್ಪನಿಗೆ ಇನ್ವೈಟ್ ಕಳಿಸಿದ: ‘ಆಲೂಗೆಡ್ಡೆ ಬಿತ್ತನೆ, ಶನಿವಾರ, ಬೆಳಿಗ್ಗೆ 7ರಿಂದ 11’. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆ ಆಗಲೇ ಹೋಳು ಮಾಡಿ ಹರಡಿತ್ತು. ಅಪ್ಪ ಫೋನ್ ಮಾಡಿದರು.

‘ಏನ್ಲಾ ಇದು, ಎಸ್ಸು, ನೋವು, ಮೇಬೀ ಅಂತ ಕೇಳ್ತಾ ಅದೆ?’

‘ಬರ್ತೀಯೋ ಇಲ್ವೋ ಅಂತ ಒತ್ತಪ್ಪ ಅಷ್ಟೇ.’

‘ನನ್ನ ಹೊಲಕ್ಕೆ ನಾನು ಹೋಗದೆ ಇರ್ತೀನಾ? ರೋಹಿಣಿ ಇನ್ನೂ ಹುಯ್ದಿಲ್ಲ. ಈ ಮೀಟಿಂಗಿಗೆ ಮಳೇನೂ ಕರ್ದಿದ್ದೀಯೇನ್ಲಾ?’

‘...’

‘ಸರಿ, ನೋಡಾಣ ಬಿಡು.’

ಈ ‘ನೋಡಾಣ’ಕ್ಕೆ ಗುಂಡಿಯೇ ಇಲ್ಲ. ಮೀಮಾಂಸೆಯ ಸಿದ್ಧಾಂತವನ್ನು ಇಲ್ಲಿ ಸ್ಥಾಪಿಸಲಾಗಿದೆ: ಕ್ಯಾಲೆಂಡರಿನ ಇನ್ವೈಟು ಹೋಗುವುದು ಈಮೇಲ್ ಇದ್ದವರಿಗೆ ಮಾತ್ರ. ರೋಹಿಣಿ ಮಳೆಗೆ ಈಮೇಲ್ ಇಲ್ಲ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಿಲ್ಲ. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಕೀಳುವವನು ‘ನಾಳಿಕ್ ಬತ್ತೀನಿ ಕಣಣ್ಣೋ’ ಅಂದರೆ ಆ ನಾಳೆಯ ಅವಧಿ ಇಪ್ಪತ್ನಾಲ್ಕು ಗಂಟೆಗೆ ಸೀಮಿತವಲ್ಲ. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ದಿನ ಬೇಕಾದರೆ ಬರೆದುಕೊಳ್ಳಬಹುದು, ಅಂದಿನ ರೇಟು ಬರೆದುಕೊಳ್ಳಲಾಗದು. ತನ್ನ ದಿನಕ್ಕೆ ತಾನೊಬ್ಬನೇ ಯಜಮಾನನಾದವನಿಗೆ ಈ ಯಂತ್ರ ಚೆನ್ನಾಗಿ ಹೊಂದುತ್ತದೆ. ಆದರೆ ಹಾಸನ ಸೀಮೆಯಲ್ಲಿ ಒಂದು ದಿನಕ್ಕೆ ನಾಲ್ಕೈದು ಪಾಲುದಾರರಿರುತ್ತಾರೆ.

ಹಾಗಾದರೆ ಫೋನಿಗೆ ಇಲ್ಲಿ ಗೆಲುವೇ ಇಲ್ಲವೇ? ಒಂದಿದೆ, ಅದು ಕೊಟ್ಟಿಗೆಯಲ್ಲಿ. ಅಡುಗೆಮನೆಯ ಮೊಳೆಗೆ ನೇತುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಯನ್ನು ಹತ್ತಿರದಿಂದ ನೋಡಿ. ಡೈರಿಗೆ ಹಾಲು ಹಾಕದ ದಿನಕ್ಕೆ ಸೊನ್ನೆ, ಸಿಲಿಂಡರ್ ಹಚ್ಚಿದ ದಿನಕ್ಕೆ ‘ಗ್ಯಾಸ್’, ಜೂನ್ 10ರ ಮನೆಯಲ್ಲಿ ಎಣ್ಣೆ ಬೆರಳಿನ ಗುರುತಿನ ಪಕ್ಕ ಪೆನ್ಸಿಲ್‌ನಲ್ಲಿ ‘ಗೌರಿ ಇಂಜೆಕ್ಷನ್’. ಹಸುವಿನ ಗರ್ಭಾವಧಿ ಸುಮಾರು 280 ದಿನ. ಗೌರಿ ಕರು ಹಾಕಬೇಕಾದ್ದು ಮುಂದಿನ ಮಾರ್ಚ್ 17ರ ಆಸುಪಾಸು. ಆ ಮಾರ್ಚ್ ಈ ಕ್ಯಾಲೆಂಡರಿನಲ್ಲಿ ಇಲ್ಲ, ಇನ್ನೂ ಅಚ್ಚೇ ಆಗಿಲ್ಲ! ಡಿಸೆಂಬರ್ ಮುಗಿದ ಮೇಲೆ ಹಳೇ ಕ್ಯಾಲೆಂಡರು ಮಕ್ಕಳ ಪುಸ್ತಕಕ್ಕೆ ಬೈಂಡ್ ಆಗಿ ಹೋಗುತ್ತದೆ, ಗೌರಿಯ ದಿನ ಲೆಕ್ಕದ ಪುಸ್ತಕದ ರಟ್ಟಿನ ಒಳಗೆ ಸೇರುತ್ತದೆ. ಫೋನಿನಲ್ಲಾದರೆ ಮುಂದಿನ ಮಾರ್ಚ್ ಈಗಲೇ ಸಿದ್ಧ. ಜಗಲಿಯಲ್ಲಿದ್ದ ಪೂರ್ವಪಕ್ಷದವರೂ ಇದಕ್ಕೆ ತಲೆಯಾಡಿಸಿದ್ದಾರೆ.

ಆದ್ದರಿಂದ ಓದುಗರಲ್ಲಿ ವಿನಂತಿ. ಹಸುವಿನ ದಿನ, ಎಲ್‌ಐಸಿ ಕಂತು, ಗಾಡಿಯ ಇನ್ಶೂರೆನ್ಸು ಫೋನಿಗೆ ಒಪ್ಪಿಸಿ. ಬಿತ್ತನೆಯನ್ನು ಅಪ್ಪನಿಗೆ ಬಿಡಿ. ಹಾಸನಾಂಬೆ ದರ್ಶನಕ್ಕೆ ಹೊರಡುವವರು ಪ್ರತಿವರ್ಷ ಪಂಚಾಂಗದಲ್ಲಿ ಆಶ್ವಯುಜ ಹುಣ್ಣಿಮೆ ನೋಡಿಕೊಂಡು, ಅದರ ಮುಂದಿನ ಗುರುವಾರ ಬಿಟ್ಟು ಶುಕ್ರವಾರವನ್ನೋ ಅದರ ಮೇಲಿನ ದಿನವನ್ನೋ ಕೈಯಾರೆ ಹಾಕಿಕೊಳ್ಳಿ. ಬಾಗಿಲು ತೆರೆದ ಮೊದಲ ದಿನ ಸಾರ್ವಜನಿಕರಿಗೆ ದರ್ಶನ ಇರುವುದಿಲ್ಲ.