ಹೆಸರಿಟ್ಟವರು ಯಾರೋ, ಹೊತ್ತವರು ಯಾರೋ

ದೇಶಕ್ಕೆ ಹೆಸರಿಡೋ ಕೆಲಸವನ್ನ ಆ ದೇಶದವರಿಗೇ ಬಿಟ್ಟುಕೊಟ್ಟಿದ್ದು ಬಲು ಅಪರೂಪ ಕಣ್ರೀ. ಸುಮಾರು ದೇಶಗಳಿಗೆ ಹೆಸರಿಟ್ಟವರು ಬೇಲಿಯಾಚೆಯವರು, ಇಲ್ಲಾ ದಾರಿಹೋಕರು. ನಮ್ಮದನ್ನೇ ತೊಗೊಳ್ಳಿ. ಸಿಂಧು ಅನ್ನೋ ನದಿ ಪರ್ಷಿಯದವರ ಬಾಯಲ್ಲಿ ಹಿಂದು ಆಯ್ತು, ಗ್ರೀಕರ ಬಾಯಲ್ಲಿ ಇಂಡೋಸ್ ಆಯ್ತು, ಕೊನೆಗೆ ಇಂಡಿಯಾ ಅಂತ ನಮ್ಮ ಕೊರಳಿಗೆ ಬಂತು. ಆ ನದಿಯ ಬಹುಪಾಲು ಈಗ ಹರಿಯೋದು ಪಾಕಿಸ್ತಾನದಲ್ಲಿ. ಹೆಸರು ನಮ್ಮ ಹತ್ರ, ನದಿ ಅವರ ಹತ್ರ. ಇಂಥ ಪಾಲುಪಟ್ಟಿ ಅಣ್ಣತಮ್ಮಂದಿರಲ್ಲಿ ಮಾತ್ರ ಆಗೋದು, ಅಲ್ವಾ?

ನಮ್ಮ ಅಜ್ಜನ ಊರಲ್ಲಿ ಒಂದು ಮನೆ ಇತ್ತು. ಊರಿಗೆಲ್ಲಾ ಅದು 'ಹುಣಸೇಮರದ ಮನೆ'. ಮರ ಇದ್ದದ್ದನ್ನ ಕಂಡವರು ಯಾರೂ ಉಳಿದಿರಲಿಲ್ಲ. ಮನೆಯ ಯಜಮಾನರಿಗೆ ಇದು ಮರ್ಯಾದೆ ಪ್ರಶ್ನೆಯಾಗಿ, ಗ್ರಾನೈಟ್ ಕಲ್ಲಿನಲ್ಲಿ 'ಶ್ರೀನಿಲಯ' ಅಂತ ಕೆತ್ತಿಸಿ ಗೇಟಿಗೆ ಹಾಕಿಸಿದ್ರು. ಅಂಚೆಯವನಾದ್ರೂ ಒಪ್ಪಿದನೇ? ಇಲ್ಲ. ಅವರ ಮಗಳ ಮದುವೆ ಲಗ್ನಪತ್ರಿಕೆಯಲ್ಲಿ ಕೊನೆಗೆ ಕಂಸದೊಳಗೆ 'ಹುಣಸೇಮರದ ಮನೆ' ಅಂತ ಸೇರಿಸಲೇಬೇಕಾಯ್ತು, ಇಲ್ಲದಿದ್ರೆ ನೆಂಟರಿಗೆ ದಾರಿ ಸಿಗುತ್ತಿರಲಿಲ್ಲ. ದೇಶಗಳ ಪಾಡೂ ಹೆಚ್ಚುಕಡಿಮೆ ಇದೇ.

ಆಫ್ರಿಕಾದ ಕ್ಯಾಮರೂನ್ ಇದೆಯಲ್ಲ, ಅದರ ಕತೆ ಕೇಳಿದ್ರೆ ನಮ್ಮ ಕರಾವಳಿಯವರ ಬಾಯಲ್ಲಿ ನೀರೂರಬೇಕು. 1472ರಲ್ಲಿ ಪೋರ್ಚುಗೀಸ್ ನಾವಿಕರು ಅಲ್ಲಿನ ವೂರಿ ನದಿಯ ಅಳಿವೆಗೆ ಬಂದ್ರಂತೆ. ನೋಡ್ತಾರೆ, ನೀರಿನ ತುಂಬಾ ಸೀಗಡಿ! ಸರಿ, 'ಸೀಗಡಿ ಹೊಳೆ' ಅಂತ ತಮ್ಮ ಭಾಷೆಯಲ್ಲಿ ಬರೆದುಕೊಂಡ್ರು, ರಿಯೊ ದುಸ್ ಕಮರೋಯಿಶ್. ಆ ಕಮರೋಯಿಶ್ ಜರ್ಮನರ ಕೈಗೆ ಹೋಗಿ ಬಂದು, ಇಂಗ್ಲಿಷರು ಫ್ರೆಂಚರ ಬಾಯಲ್ಲಿ ಉರುಳಾಡಿ ಕ್ಯಾಮರೂನ್ ಆಯ್ತು. ಹೊಳೆಯಲ್ಲಿ ಒಂದು ದಿನ ಕಂಡ ಸೀಗಡಿ ಇಡೀ ದೇಶಕ್ಕೆ ಅಂಟಿಕೊಂಡುಬಿಡ್ತು. ಅವತ್ತು ಅವರಿಗೆ ಏಡಿ ಸಿಕ್ಕಿದ್ರೆ ಗತಿಯೇನು?

ಪಾಪ, ಆ ದೇಶದವರಿಗೂ ಇದು ಸ್ವಲ್ಪ ಚುಚ್ಚಿರಬೇಕು. ತಮ್ಮ ಫುಟ್‌ಬಾಲ್ ತಂಡವನ್ನ ಅವರು ಕರೆಯೋದು 'ಸೋಲರಿಯದ ಸಿಂಹಗಳು' ಅಂತ. 1990ರ ವಿಶ್ವಕಪ್‌ನ ಮೊದಲನೇ ಪಂದ್ಯ ಜ್ಞಾಪಕ ಇದೆಯಾ? ಮಿಲಾನ್‌ನಲ್ಲಿ ನಡೆದದ್ದು. ಆ ಕಡೆ ಮರಡೋನಾ ಇದ್ದ ಅರ್ಜೆಂಟೀನಾ, ಈ ಕಡೆ ಇವರು. ಇಬ್ಬರು ಆಟಗಾರರು ರೆಡ್ ಕಾರ್ಡ್ ತಿಂದು ಹೊರಗೆ ಹೋದ್ರೂ 1-0 ಅಂತ ಗೆದ್ದೇಬಿಟ್ರು. ಅರ್ಜೆಂಟೀನಾ ಅನ್ನೋ ಹೆಸರು ಬಂದಿರೋದು ಲ್ಯಾಟಿನ್ನಿನ ಬೆಳ್ಳಿಯಿಂದ. ಬೆಳ್ಳಿ ಸಿಗುತ್ತೆ ಅಂತ ಸ್ಪೇನಿನವರು ಆಸೆಪಟ್ಟುಕೊಂಡು ಹೋಗಿದ್ರು, ಅಂಥ ಭಾರೀ ಬೆಳ್ಳಿ ಏನೂ ಅಲ್ಲಿ ಸಿಗಲಿಲ್ಲ. ಅಂತೂ ಸೀಗಡಿಯೂರಿನವರು ಬೆಳ್ಳಿಯೂರಿನವರನ್ನ ಮಣ್ಣುಮುಕ್ಕಿಸಿದ ದಿನ ಅದು. ನಮ್ಮ ಓಣಿಯಲ್ಲಿ ಒಂದೇ ಟಿವಿ, ಅದೂ ಕಪ್ಪು ಬಿಳುಪು. ಯಾರು ಯಾವ ತಂಡ ಅಂತ ಗೊತ್ತಾಗದೇ ಅರ್ಧ ಹೊತ್ತು ಮರಡೋನಾನ ಗುಂಗುರು ಕೂದಲನ್ನೇ ಹುಡುಕ್ತಾ ಕೂತಿದ್ವಿ.

ಎಲ್ಲಿದ್ದೆ? ಹಾಂ, ಹೆಸರು. ಜರ್ಮನಿಯವರ ಕತೆ ಇನ್ನೂ ಮಜ. ಅವರು ತಮ್ಮ ದೇಶವನ್ನ ಡಾಯ್ಚ್‌ಲಾಂಡ್ ಅಂತಾರೆ. ಆದ್ರೆ ಅಕ್ಕಪಕ್ಕದವರು ಕೇಳಬೇಕಲ್ಲ! ಫ್ರೆಂಚರಿಗೆ ಗಡಿಯಲ್ಲಿ ಎದುರಾದ ಬುಡಕಟ್ಟು ಅಲಮಾನಿ, ಹಾಗಾಗಿ ದೇಶವೆಲ್ಲಾ ಅಲ್ಮಾಞ್. ಫಿನ್ಲೆಂಡಿನವರಿಗೆ ಗೊತ್ತಿದ್ದವರು ಸ್ಯಾಕ್ಸನ್ನರು, ಹಾಗಾಗಿ ಸಾಕ್ಸಾ. ಇನ್ನು ಪೋಲೆಂಡಿನವರು ಮತ್ತವರ ಸ್ಲಾವ್ ಬಳಗದವರು ಇಟ್ಟ ಹೆಸರಿನ ಮೂಲ ಹುಡುಕಿದ್ರೆ 'ಮೂಗರು' ಅಂತ ಬರುತ್ತೆ. ಅವರಾಡೋ ಮಾತು ಇವರಿಗೆ ತಿಳೀಲಿಲ್ಲ, ಅದಕ್ಕೆ ಅವರೇ ಮೂಗರು! ಇಷ್ಟಕ್ಕೇ ಮುಗೀಲಿಲ್ಲ. ಅದೇ ಹೆಸರು ತುರ್ಕರ ಮೂಲಕ ಅರಬರವರೆಗೆ ಹೋಗುವಷ್ಟರಲ್ಲಿ ದೇಶವೇ ಬದಲಾಯ್ತು. ಅರಬ್ಬಿಯಲ್ಲಿ ಆಸ್ಟ್ರಿಯಾವನ್ನ ಇವತ್ತಿಗೂ 'ನಮ್ಸಾ' ಅಂತಾರೆ. ಬೈಸಿಕೊಂಡವರು ಒಬ್ಬರು, ಬೈಗುಳ ಹೊತ್ತವರು ಇನ್ನೊಬ್ಬರು.

ಆ ಮೂಗರ ನಾಡಿನಿಂದಲೇ ಅಲ್ವೇ ಮೋಗ್ಲಿಂಗ್ ಬಂದು 1843ರಲ್ಲಿ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದಿದ್ದು? ಕಿಟೆಲ್ ಬಂದು 1894ರಲ್ಲಿ ಆ ದಪ್ಪ ನಿಘಂಟು ಕೊಟ್ಟಿದ್ದು? ಮಾತು ಬಾರದವರು ಅಂತ ಅನ್ನಿಸಿಕೊಂಡವರು ನಮಗೇ ನಮ್ಮ ಮಾತು ಎಣಿಸಿಕೊಟ್ಟು ಹೋದ್ರು. ಪೋಲೆಂಡಿನವರಿಗೆ ಯಾರಾದ್ರೂ ಒಂದು ಕಾರ್ಡು ಹಾಕಬಾರದೇ ಅನ್ಸುತ್ತೆ.

ಕೆಲವರು ಸಾಕಪ್ಪ ಅಂತ ಹೆಸರು ಬದಲಾಯಿಸ್ಕೊಂಡಿದ್ದೂ ಉಂಟು. ಸ್ವಾಜಿಲೆಂಡಿನ ರಾಜ ಮೂರನೇ ಎಂಸ್ವಾಟಿ 2018ರಲ್ಲಿ, ಸ್ವಾತಂತ್ರ್ಯದ 50ನೇ ವರ್ಷದ ಹಬ್ಬದಲ್ಲಿ, ಇನ್ನುಮೇಲೆ ನಾವು ಎಸ್ವಾಟಿನಿ ಅಂತ ಸಾರಿಬಿಟ್ಟ. ಅವನು ಕೊಟ್ಟ ಕಾರಣಗಳಲ್ಲಿ ಒಂದು, ಹೊರಗೆ ಹೋದಲ್ಲೆಲ್ಲಾ ಜನ ತಮ್ಮನ್ನ ಸ್ವಿಟ್ಜರ್ಲೆಂಡಿನವರು ಅಂದ್ಕೊಳ್ತಾರೆ ಅನ್ನೋದು. ನಾನಾಗಿದ್ರೆ ಸುಮ್ಮನಿರ್ತಿದ್ದೆ ಬಿಡಿ, ಬ್ಯಾಂಕಿನಲ್ಲಾದ್ರೂ ಕೂರೋಕೆ ಕುರ್ಚಿ ಸಿಕ್ಕೀತು.

ಟರ್ಕಿಯವರೂ 2022ರಲ್ಲಿ ವಿಶ್ವಸಂಸ್ಥೆಗೆ ಬರೆದು ತಮ್ಮನ್ನ 'ತುರ್ಕಿಯೆ' ಅನ್ನಿ ಅಂತ ಹೇಳಿದ್ರು. ಇಂಗ್ಲಿಷಿನಲ್ಲಿ ಟರ್ಕಿ ಅಂದ್ರೆ ಆ ದಪ್ಪ ಕೋಳಿಯೂ ಹೌದಲ್ಲ, ಅದು ಅವರಿಗೆ ಮುಜುಗರ. ಆದ್ರೆ ಆ ಕೋಳಿ ವಿಚಾರ ಕೇಳಿ. ಅದರ ತವರು ಅಮೆರಿಕ. ಇಂಗ್ಲಿಷರು ಅದು ಟರ್ಕಿಯಿಂದ ಬಂದದ್ದು ಅಂದ್ಕೊಂಡ್ರು. ಟರ್ಕಿಯವರು ಅದಕ್ಕೆ 'ಹಿಂದಿ' ಅಂತಾರೆ, ಅಂದ್ರೆ ನಮ್ಮ ಕಡೆಯದಂತೆ. ಡಚ್ಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಊರನ್ನೇ ತೋರಿಸಿದ್ರು, 'ಕಾಲ್ಕೂನ್', ಕಲ್ಲಿಕೋಟೆ ಕೋಳಿ! ಪೋರ್ಚುಗೀಸರು ಪೆರು ಅಂತ ಮಾತ್ರ ಅಂದು ಸುಮಾರಾಗಿ ದಿಕ್ಕಾದ್ರೂ ಸರಿ ಹಿಡಿದ್ರು. ಕಲ್ಲಿಕೋಟೆಯವರನ್ನ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ನಮ್ಮ ರಾಜ್ಯಕ್ಕೂ ಹೆಸರಿನ ಗಲಾಟೆ ಇತ್ತಲ್ಲ. 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಮೈಸೂರು ಹೋಗಿ ಕರ್ನಾಟಕ ಆಯ್ತು. ನಮ್ಮ ದೊಡ್ಡಪ್ಪ ಮಾತ್ರ ಕೊನೇವರೆಗೂ 'ಮೈಸೂರು ಸ್ಟೇಟ್' ಅನ್ನೋದು ಬಿಡಲಿಲ್ಲ. ಕರ್ನಾಟಕದ ಅರ್ಥ ಏನು ಅಂತ ಕೇಳಿ ನೋಡಿ: ಎರೆಮಣ್ಣಿನವರು ಕರಿ ಮಣ್ಣಿನ ನಾಡು ಅಂತಾರೆ, ಘಟ್ಟದ ಕಡೆಯವರು ಕರು ಅಂದ್ರೆ ಎತ್ತರ, ಎತ್ತರದ ನಾಡು ಅಂತಾರೆ. ಎರಡು ಕಡೆಯವರನ್ನ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿದ್ರೆ ಬಸ್ಸು ತಪ್ಪಿಹೋಗೋದು ಖಂಡಿತ.

ಬಾವುಟ ಹಾಗಲ್ಲ. ಅದನ್ನ ತಾವೇ ಕೂತು ಆರಿಸ್ಕೋಬಹುದು. ಆದ್ರೂ ಎಡವಟ್ಟು ತಪ್ಪಿತಾ? 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಲಿಕ್ಟನ್‌ಸ್ಟೈನ್ ಅನ್ನೋ ಅಂಗೈಯಗಲದ ದೇಶದವರು ನೀಲಿ ಕೆಂಪು ಬಾವುಟ ಹಿಡ್ಕೊಂಡು ಹೋದ್ರೆ, ಅಲ್ಲಿ ಹೈಟಿಯವರೂ ಅದೇ ನೀಲಿ ಕೆಂಪು ಹಿಡ್ಕೊಂಡು ನಿಂತಿದ್ದಾರೆ! ಒಬ್ಬರು ಆಲ್ಪ್ಸ್ ಪರ್ವತದ ಬುಡದವರು, ಇನ್ನೊಬ್ಬರು ಕೆರಿಬಿಯನ್ ಸಮುದ್ರದವರು. ಅಲ್ಲಿಯವರೆಗೆ ಇಬ್ಬರಿಗೂ ಈ ಸುದ್ದಿಯೇ ಇರಲಿಲ್ಲ. ಮಾರನೇ ವರ್ಷ ಲಿಕ್ಟನ್‌ಸ್ಟೈನಿನವರು ಮೂಲೆಗೊಂದು ಬಂಗಾರದ ಬಣ್ಣದ ಕಿರೀಟ ಸೇರಿಸ್ಕೊಂಡು ಪೇಚಿನಿಂದ ಪಾರಾದ್ರು. ರೊಮೇನಿಯಾ ಮತ್ತು ಚಾಡ್ ಇನ್ನೂ ಪಾರಾಗಿಲ್ಲ. ರೊಮೇನಿಯಾದ ಬಾವುಟದ ನಡುವೆ ಮೊದಲು ಕಮ್ಯುನಿಸ್ಟರ ಲಾಂಛನ ಇತ್ತು. 1989ರ ಕ್ರಾಂತಿಯಲ್ಲಿ ಜನ ಕತ್ತರಿ ಹಿಡಿದು ಅದನ್ನ ಕತ್ತರಿಸಿ ಹಾಕಿ, ನಡುವೆ ತೂತಿದ್ದ ಬಾವುಟವನ್ನೇ ಬೀದಿಯಲ್ಲಿ ಬೀಸಿದ್ರು. ಆಮೇಲೆ ತೂತು ಮುಚ್ಚಿ ನೋಡಿದ್ರೆ ಅದು ಚಾಡ್‌ನದೇ ಬಾವುಟ, ನೀಲಿಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ. ಇಂಡೊನೇಷ್ಯಾ ಮತ್ತು ಮೊನಾಕೊ ಕತೆಯೂ ಅಷ್ಟೇ, ಮೇಲೆ ಕೆಂಪು ಕೆಳಗೆ ಬಿಳಿ. ಉದ್ದಗಲ ಅಳೆದೇ ಹೇಳಬೇಕು.

ತಲೆಕೆಳಗಾಗೋದು ಇನ್ನೊಂದು ಪೀಕಲಾಟ. ಥಾಯ್ಲೆಂಡಿನ ಹಳೇ ಬಾವುಟದಲ್ಲಿ ಕೆಂಪು ಬಟ್ಟೆ ಮೇಲೆ ಬಿಳಿ ಆನೆ. 1916ರಲ್ಲಿ ರಾಜ ವಜಿರಾವುಧ ಪ್ರವಾಹ ಬಂದ ಊರೊಂದಕ್ಕೆ ಹೋದಾಗ ಯಾರೋ ಭಕ್ತಿಯಿಂದ ಹಾರಿಸಿದ ಬಾವುಟದಲ್ಲಿ ಆನೆ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತ್ತು ಅಂತ ಅಲ್ಲಿ ಕತೆ ಹೇಳ್ತಾರೆ. ಮಾರನೇ ವರ್ಷ ಆನೆ ಹೋಗಿ ಪಟ್ಟೆ ಬಂತು: ಕೆಂಪು, ಬಿಳಿ, ನೀಲಿ, ಬಿಳಿ, ಕೆಂಪು. ಹೇಗೆ ಕಟ್ಟಿದ್ರೂ ಸರಿಯೇ! ಕತೆ ನಿಜವೋ ಸುಳ್ಳೋ, ರಾಜ ಜಾಣ. ಫಿಲಿಪೀನ್ಸ್‌ನವರು ಮಾತ್ರ ಇದರ ವಿರುದ್ಧ. ಅವರಲ್ಲಿ ನೀಲಿ ಮೇಲಿದ್ರೆ ಶಾಂತಿ, ಕೆಂಪು ಮೇಲೆ ಬಂದ್ರೆ ಯುದ್ಧ. ಬಾವುಟ ಕಟ್ಟೋ ಜವಾನನ ಕೈಯಲ್ಲಿ ಎಂಥಾ ಅಧಿಕಾರ ನೋಡಿ.

ನನಗೆ ಯಾವಾಗ್ಲೂ ಕನಿಕರ ಬರೋದು ಸ್ಕೂಲು ಮಕ್ಕಳ ಮೇಲೆ. ಡ್ರಾಯಿಂಗ್ ಪೀರಿಯಡ್‌ನಲ್ಲಿ ಮೇಷ್ಟ್ರು 'ನಮ್ಮ ಬಾವುಟ ಬರೀರಿ' ಅಂದ್ರೆ ಲಿಬಿಯಾದ ಹುಡುಗನಿಗೆ ಹಬ್ಬ, 1977ರಿಂದ 2011ರವರೆಗೆ ಅವರದ್ದು ಬರೀ ಹಸಿರು, ಒಂದು ಗೆರೆಯೂ ಇಲ್ಲ. ಹಸಿರು ಕ್ರೇಯಾನ್ ಸವೆಯೋದಷ್ಟೇ ನಷ್ಟ. ಅದೇ ಭೂತಾನದ ಮಗು ಡ್ರ್ಯಾಗನ್ ಬರೀಬೇಕು, ಅದರ ಪಂಜಕ್ಕೆ ರತ್ನ ಬೇರೆ ಕೊಡಬೇಕು. ತುರ್ಕಮೆನಿಸ್ತಾನದ್ದಂತೂ ಬೇಡವೇ ಬೇಡ. ಐದು ಬಗೆಯ ಜಮಖಾನೆ ಹೂವಿನ ಕುಸುರಿ ಒಂದರ ಕೆಳಗೊಂದು. ಮೊಜಾಂಬಿಕ್‌ನ ಮಗು ಪುಸ್ತಕ, ಗುದ್ದಲಿ ಬರೆದು, ಆಮೇಲೆ ಎಕೆ-47 ಬಂದೂಕನ್ನೂ ಬರೀಬೇಕು. ನಮ್ಮ ಮೇಷ್ಟ್ರ ಕಾಲದಲ್ಲಿ ಬಂದೂಕು ಬರೆದಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು.

ಆದ್ರೆ ನೇಪಾಳದ ಮಗುವಿಗೆ ಕ್ರೇಯಾನ್ ಸಾಲದು, ಕಂಪಾಸ್ ಬಾಕ್ಸೇ ಬೇಕು. ಲೋಕದಲ್ಲಿ ನಾಲ್ಕು ಮೂಲೆ ಇಲ್ಲದ ರಾಷ್ಟ್ರಧ್ವಜ ಅದೊಂದೇ ತಾನೇ? ಅದನ್ನ ಹೇಗೆ ಬರೀಬೇಕು ಅಂತ ಅವರ ಸಂವಿಧಾನದಲ್ಲೇ 24 ಹಂತ ಬರೆದಿಟ್ಟಿದ್ದಾರೆ. ಕೆಂಪು ಬಟ್ಟೆಯ ಕೆಳಗಡೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೀರಿ. ಆ ಉದ್ದಕ್ಕೆ ಅದರದೇ ಮೂರನೇ ಒಂದು ಪಾಲು ಸೇರಿಸಿ, ಎಡತುದಿಯಿಂದ ಮೇಲಕ್ಕೆ ಇನ್ನೊಂದು ಗೆರೆ ಎಳೀರಿ. ಹೀಗೇ ಶುರುವಾಗಿ, ಕೈವಾರ ಇಟ್ಟು ತಿರುಗಿಸಿ, ಚಂದ್ರನ ಎಂಟು ಕಿರಣ, ಸೂರ್ಯನ ಹನ್ನೆರಡು ಕಿರಣ ಎಲ್ಲಾ ಮುಗಿಸಿ, ಕೊನೆಗೆ ಸುತ್ತಲಿನ ನೀಲಿ ಅಂಚು ಎಷ್ಟು ಅಗಲ ಇರಬೇಕು ಅನ್ನೋವರೆಗೂ ಹೋಗುತ್ತೆ. ಬೇರೆ ದೇಶದ ಸಂವಿಧಾನ ಓದೋಕೆ ವಕೀಲರು ಬೇಕು, ಇದಕ್ಕೆ ಗಣಿತದ ಮೇಷ್ಟ್ರೂ ಬೇಕು. 1962ಕ್ಕೆ ಮುಂಚೆ ಆ ಸೂರ್ಯಚಂದ್ರರಿಗೆ ಕಣ್ಣು ಮೂಗು ಬಾಯಿಯೂ ಇತ್ತು. ಅವನ್ನ ತೆಗೆದುಹಾಕಿದ್ದು ನನಗೇನೋ ಅಷ್ಟು ಸರಿ ಕಾಣಲಿಲ್ಲ. ಗಂಭೀರ ಮುಖ ಮಾಡಿಕೊಂಡ ಚಂದ್ರ ಚೆನ್ನಾಗೇ ಇದ್ದ.

ಸೂರ್ಯಚಂದ್ರರು ಇರೋತನಕ ದೇಶ ಇರಲಿ ಅಂತ ಅದರ ಅರ್ಥವಂತೆ. ನಮಗೆ ಇದನ್ನ ಬಿಡಿಸಿ ಹೇಳಬೇಕೇ? ನಮ್ಮ ಊರೂರಿನ ಶಾಸನಕಲ್ಲಿನ ನೆತ್ತಿ ನೋಡಿ, ಆಕಡೆ ಸೂರ್ಯ, ಈಕಡೆ ಚಂದ್ರ. ಒಳಗೆ 'ಆಚಂದ್ರಾರ್ಕ' ಈ ದತ್ತಿ ನಡೆಯಲಿ ಅಂತ ಬರೆದಿರುತ್ತೆ. ದೇವಸ್ಥಾನಕ್ಕೆ ಎರಡು ಖಂಡುಗ ಗದ್ದೆ ಬಿಟ್ಟವನೂ ಸೂರ್ಯಚಂದ್ರರನ್ನೇ ಸಾಕ್ಷಿಗೆ ಕರೀತಿದ್ದ. ಗದ್ದೆ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ, ಕಲ್ಲು ಮಾತ್ರ ಬಸ್‌ಸ್ಟಾಪಿನ ಹತ್ರ ಎಮ್ಮೆ ಮೈ ಉಜ್ಜೋಕೆ ಆಗಿದೆ.

ನಮ್ಮ ತ್ರಿವರ್ಣದ ಅರ್ಥ ನಿಮಗೆ ನಾನು ಹೇಳೋದೇನು, ಬಾಯಿಪಾಠ ಆಗಿರೋದೇ. ಅದು ಹುಟ್ಟೋದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅನ್ನೋದೂ ಗೊತ್ತಿರಬೇಕಲ್ಲ? ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಬಟ್ಟೆ ನೇಯೋದು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ, ಬಣ್ಣ ಹಾಕೋದು, ಚಕ್ರ ಅಚ್ಚೊತ್ತೋದು, ಹೊಲಿಯೋದು ಇಲ್ಲಿ. ಹೆಚ್ಚಿನವರು ಹೆಣ್ಣುಮಕ್ಕಳೇ. ಈಗ ಮೂರು ಕಾಸಿನ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟುಬಿಟ್ಟಿದ್ದಾರೆ, ಅದು ನನಗೆ ರುಚಿಸಲಿಲ್ಲ ಅಂತ ನೇರವಾಗೇ ಹೇಳ್ತೀನಿ. ಚಕ್ರದ್ದೇ ಅಲ್ಲಿ ನಾಜೂಕು ಕೆಲಸ. ಬಟ್ಟೆಯ ಎರಡೂ ಮಗ್ಗುಲಿಗೆ ಒತ್ತಬೇಕು, ಈಕಡೆಯ ಕಡ್ಡಿ ಆಕಡೆಯ ಕಡ್ಡಿಯ ಮೇಲೇ ಕೂರಬೇಕು. ಒಂಚೂರು ಜರುಗಿದ್ರೂ ಬೆಳಕಿಗೆ ಹಿಡಿದಾಗ ಕಂಡುಬಿಡುತ್ತೆ. ಅಳತೆ ಒಂಬತ್ತು ಬಗೆ. ಅತಿ ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಅದರಲ್ಲಿ ಕಡ್ಡಿ ಎಣಿಸೋದೇನು ಕಷ್ಟ. ಅತಿ ಚಿಕ್ಕದು ಸಾಹೇಬರ ಮೇಜಿನ ಮೇಲೆ ನಿಲ್ಲೋದು, ಆರು ಇಂಚು ನಾಲ್ಕು ಇಂಚು. ಅದರ ಬಿಳಿ ಪಟ್ಟಿಯೊಳಗೂ 24 ಕಡ್ಡಿ ಕೂರಿಸ್ತಾರೆ ಅಂತೀನಿ! ಮುಂದಿನ ಸಲ ಯಾವುದಾದ್ರೂ ಆಫೀಸಿನಲ್ಲಿ ಒಂದು ಕಂಡ್ರೆ ಕನ್ನಡಕ ಹಾಕ್ಕೊಂಡು ಎಣಿಸಿ ನೋಡ್ರೀ.