ಸಾಗರದಲ್ಲಿ ಉಪ್ಪಿಲ್ಲ: ಹವಳತೊಟ್ಟಿಯ ಜಲಶುದ್ಧಿ ಮೀಮಾಂಸೆ

ಶಾಸ್ತ್ರಗ್ರಂಥ ಶುರುವಾಗುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಪೂರ್ವಸೂರಿಗಳ ಕಟ್ಟಳೆ. ಪ್ರಸ್ತುತ ಮೀಮಾಂಸೆಗೆ ಅಧಿಕಾರಿ: ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಎಲ್ಲೋ ನಾಲ್ಕೆಕರೆ ತೋಟವಿದ್ದು, ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕ ವರ್ಷ ಜಗಲಿಯ ಮೇಲೆ ಕಡಲನ್ನೇ ತಂದಿಡಬೇಕೆಂದು ಹೊರಟ ಒಬ್ಬ ಕಲ್ಪಿತ ಗೃಹಸ್ಥ. ವಿಷಯ: ಹವಳದ ತೊಟ್ಟಿಗೆ ನೀರು ಸೋಸುವ ಯಂತ್ರದ ಆಯ್ಕೆ. ಸಂಬಂಧ: ಸದ್ಯಕ್ಕೆ ಹಳಸಿದೆ, ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡುತ್ತಿಲ್ಲ. ಪ್ರಯೋಜನ: ಮುಂದೆ ನೋಡೋಣ.

ಮೊದಲು ಪದನಿಷ್ಪತ್ತಿ. ಕೆಳದಿಯ ಅರಸ ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಸಾಗರ ಊರಿಗೆ ಆ ಹೆಸರು ಬಂತು. ಆ ಕೆರೆಯನ್ನು ಈಗ ಜನ ಗಣಪತಿ ಕೆರೆ ಎನ್ನುತ್ತಾರೆ. ಕಡಲಿನ ಹೆಸರು ಕೆರೆಗೆ ಬಂತು, ಕೆರೆಯ ಹೆಸರು ಊರಿಗೆ ಬಂತು, ಉಪ್ಪು ಮಾತ್ರ ಇವತ್ತಿಗೂ ಬಂದಿಲ್ಲ. ಅಸಲಿ ಕಡಲು ಘಟ್ಟದ ಕೆಳಗಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಜೋಗದಲ್ಲಿ ಧುಮುಕಿ, ಹೊನ್ನಾವರದ ಹತ್ತಿರ ಅದನ್ನು ಸೇರುತ್ತಾಳೆ. ಹವಳ ನೋಡಬೇಕಾದವರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ನೋಡಬಹುದು, ಕಿತ್ತು ತರುವಂತಿಲ್ಲ: ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಪಂಕ್ತಿಗೆ, ಸೇರಿಸಿಯಾಗಿದೆ. ಹೀಗಾಗಿ ಗೃಹಸ್ಥ ನೀರಿನಿಂದ ಶುರು ಮಾಡಿದ್ದಾನೆ. ಹವಳದ ಮಾತು ಆಮೇಲೆ.

ಪೂರ್ವಗ್ರಂಥಗಳಲ್ಲಿ ಆಧಾರ ಹುಡುಕಿದರೆ ನಿರಾಸೆಯೇ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರಿನ ಸೆಲೆ ಪತ್ತೆ ಮಾಡುವ ಬಗೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದದ ಪ್ರಕರಣವೇ ಇದೆ, ಆದರೆ ಅದು ಮೀನಿಗೆ ಗಾಳ ಹಾಕುವ ವಿನೋದ. ಮೀನಿಗಾಗಿ ಮನುಷ್ಯ ಗಾಳಕ್ಕೆ ಬೀಳುವ ಕಾಲ ಬರುತ್ತದೆಂದು ದೊರೆಗೂ ಹೊಳೆದಿರಲಿಕ್ಕಿಲ್ಲ.

ಈಗ ಪೂರ್ವಪಕ್ಷ. ಇಲ್ಲಿ ಮೂರು ಸಂಪ್ರದಾಯಗಳಿವೆ. ಪೇಟೆಯವರದು ನಲ್ಲಿ ಸಂಪ್ರದಾಯ. ಆ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಇಂಗಾಲದ ಫಿಲ್ಟರ್ ಇಟ್ಟರೆ ಹೋಗುತ್ತದೆ, ಮುಗಿಯಿತು. ಹೊಸನಗರದ ಹುಲಿಕಲ್ಲು, ತೀರ್ಥಹಳ್ಳಿಯ ಆಗುಂಬೆ ಕಡೆಯವರದು ಮಳೆ ಸಂಪ್ರದಾಯ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ಸೂರಿನಡಿ ಡ್ರಮ್ ಇಟ್ಟರೆ ಸಾಲದೇ ಎಂಬುದು ಅವರ ವಾದ. ಮೂರನೆಯದು, ಎಲ್ಲಕ್ಕಿಂತ ಹಳೆಯದು, ಅಬ್ಬಿ ಸಂಪ್ರದಾಯ. ಗುಡ್ಡದ ಒರತೆಗೆ ಅಡಿಕೆ ದಂಬೆ ಕೊಟ್ಟು ನೀರನ್ನು ತಾನಾಗಿಯೇ ಬಚ್ಚಲಿಗೆ ಹರಿಸಿಕೊಂಡವರು ಇವರು; ಈಚೆಗೆ ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ. ಈ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಹೇರಳವಾಗಿ ನೊರೆ ಬಿಡುತ್ತದೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 40 ತೋರಿಸಿತು ಎಂದಿಟ್ಟುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 500.

“ಎಂಥ ಮಾರಾಯ ಇದು, ನೀರಿಗೇ ಸ್ನಾನ ಮಾಡಿಸ್ತೀಯಲ್ಲ!” ಎಂದು ಅಮ್ಮ ಕೇಳಿದ್ದು ಈ ಪೂರ್ವಪಕ್ಷದ ಅತ್ಯಂತ ಸಮರ್ಥ ಮಂಡನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಯಂತ್ರ 40ನ್ನು ಸೊನ್ನೆಗೆ ಇಳಿಸುತ್ತದೆ. ಆಮೇಲೆ ಗೃಹಸ್ಥ ಅದೇ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕಡಲುಪ್ಪಿನ ಮಿಶ್ರಣ ಸುರಿದು 35,000ಕ್ಕೆ ಏರಿಸುತ್ತಾನೆ. ನಲವತ್ತು ತೆಗೆಯಲು ಇಷ್ಟು ಖರ್ಚು, ಮೂವತ್ತೈದು ಸಾವಿರ ಹಾಕಲು ಮತ್ತಷ್ಟು ಖರ್ಚು! ತರ್ಕಶಾಸ್ತ್ರಕ್ಕೆ ಇದನ್ನು ತೋರಿಸಬಾರದು.

ಆದರೂ ಸಿದ್ಧಾಂತ ಗೃಹಸ್ಥನ ಕಡೆಗೇ ಇದೆ. ತೊಟ್ಟಿಯಿಂದ ಆರಿಹೋಗುವುದು ನೀರು ಮಾತ್ರ. ಅದರಲ್ಲಿದ್ದದ್ದು ಹಿಂದೆ ಉಳಿಯುತ್ತದೆ. ದಿನಕ್ಕೆ ಎರಡು ಲೀಟರ್ ಆರಿ, ಅಷ್ಟನ್ನೇ ತುಂಬುತ್ತ ಬಂದರೆ ವರ್ಷಕ್ಕೆ 730 ಲೀಟರ್. ಲೀಟರಿಗೆ 40 ಮಿಲಿಗ್ರಾಂ ಎಂದರೆ ವರ್ಷದ ಕೊನೆಗೆ 29 ಗ್ರಾಂ ಬೇಡದ ಸಾಮಾನು ಒಳಗೆ ಕೂತಿರುತ್ತದೆ. ಅದರಲ್ಲಿ ಬಂಡೆಯಿಂದ ಕರಗಿ ಬಂದ ಸಿಲಿಕೇಟ್ ಇದ್ದರೆ ಗಾಜಿನ ಮೇಲೆ ಕಂದು ಪಾಚಿ. ತಾಮ್ರ ಇದ್ದರೆ ಕತೆ ಬೇರೆ.

ತಾಮ್ರದ ವಿಷಯದಲ್ಲಿ ಮಲೆನಾಡು ಜಗತ್ತಿಗೇ ಪಾಠ ಹೇಳಬಲ್ಲದು. ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗ, ಕೊಳೆಗೆ ಮೈಲುತುತ್ತ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಲೀಟರಿಗೆ ಎರಡೂವರೆ ಗ್ರಾಂ ಆಯಿತು. ಕಡಲ ಸಿಗಡಿ, ಬಸವನಹುಳು, ಹವಳಗಳಿಗೆ ಲೀಟರಿಗೆ ಮಿಲಿಗ್ರಾಂನ ಹತ್ತರಲ್ಲೊಂದು ಪಾಲೇ ಅಪಾಯ. ಕೊನೆಗಾರ ಮರದ ತುದಿಯಲ್ಲಿ ಕೂತು ಮದ್ದು ಹೊಡೆಯುವಾಗ ಗಾಳಿ ಮನೆಯತ್ತ ತಿರುಗಿದರೆ ಹಂಚಿನ ಮೇಲೆ ನೀಲಿ ಸಿಂಪಡಣೆ, ಸೂರಿನಡಿಯ ಡ್ರಮ್ಮಿಗೆ ಅದರ ತೀರ್ಥ. ಮಳೆ ಸಂಪ್ರದಾಯ ಇಲ್ಲಿ ಖಂಡಿತವಾಯಿತು. ಹಾಗೆಯೇ ಬಚ್ಚಲಿನ ತಾಮ್ರದ ಹಂಡೆಯಲ್ಲಿ ತೊಟ್ಟಿಯ ನೀರು ಶೇಖರಿಸುವುದು ನಿಷಿದ್ಧ. ಪೂರ್ವಿಕರ ಆರೋಗ್ಯಸೂತ್ರ ಸಿಗಡಿಗೆ ಅನ್ವಯಿಸುವುದಿಲ್ಲ.

ಬೋರ್ಡೋ ತಯಾರಿಸುವವರು ದ್ರಾವಣಕ್ಕೆ ಕತ್ತಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಟಿಡಿಎಸ್ ಮೀಟರಿಗಿಂತ ಈ ಕತ್ತಿಯೇ ನಂಬಿಕಸ್ಥ ಎಂದು ಪ್ರಬಂಧಕಾರನ ಗುಮಾನಿ. ಮೀಟರು ಲವಣ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ಯಾವುದಿದೆ ಎಂದು ಹೇಳುವುದಿಲ್ಲ.

ಹಾಗಾದರೆ ಯಂತ್ರ ಯಾವುದು? ಕೆಸರು ತಡೆಯುವ ಐದು ಮೈಕ್ರಾನಿನ ಫಿಲ್ಟರ್, ಇಂಗಾಲ, ಆರ್‌ಒ ಪೊರೆ, ಕೊನೆಗೆ ಅಳಿದುಳಿದದ್ದನ್ನು ಹಿಡಿಯುವ ಡಿಐ ರಾಳ. ಅಡುಗೆಮನೆಯ ಆರ್‌ಒದಲ್ಲಿ ಈ ರಾಳ ಇರುವುದಿಲ್ಲ. ಮೇಲಾಗಿ ರುಚಿಗೆಂದು ಲವಣ ವಾಪಸು ಸೇರಿಸುವ ಮಾದರಿಗಳೂ ಇವೆ, ಅವು ಇಲ್ಲಿ ನಿರುಪಯೋಗಿ. ಒರತೆ ನೀರಿನ ಇಂಗಾಲದ ಡೈಆಕ್ಸೈಡ್ ಪೊರೆಗೆ ಸಿಗದೆ ನುಸುಳಿ ರಾಳವನ್ನು ಬೇಗ ತಿಂದುಹಾಕುತ್ತದೆ. ಸೋಸುವ ಮೊದಲು ಒಂದು ರಾತ್ರಿ ಗಾಳಿ ಕೊಟ್ಟರೆ ರಾಳ ಬಾಳುತ್ತದೆ.

ಪೊರೆಗೆ ಒತ್ತಡ ಬೇಕು, ಸುಮಾರು 50 ಪಿಎಸ್‌ಐ. ಇಲ್ಲಿ ಅಬ್ಬಿ ಸಂಪ್ರದಾಯಕ್ಕೆ ದಿಗ್ವಿಜಯ. ಹತ್ತು ಮೀಟರ್ ಎತ್ತರದ ನೀರು 14 ಪಿಎಸ್‌ಐ ಕೊಡುತ್ತದೆ. ಅಬ್ಬಿ ಮನೆಗಿಂತ 35 ಮೀಟರ್ ಮೇಲಿದ್ದರೆ ಪಂಪೇ ಬೇಡ. ಗಾಳಿ ಕೊಡುವ ತೊಟ್ಟಿಯನ್ನೂ ಗುಡ್ಡದ ಮೇಲೆಯೇ ಇಟ್ಟರಾಯಿತು. ಶರಾವತಿಯಿಂದ ನಾಡಿಗೆಲ್ಲ ಕರೆಂಟು ಹೋಗುತ್ತದೆ, ಆಷಾಢದ ಗಾಳಿಗೆ ಈ ಮನೆಯಿಂದಲೂ ಹೋಗುತ್ತದೆ. ಬೇಸಿಗೆಯ ಪ್ರಶ್ನೆ ಮಾತ್ರ ಉಳಿಯಿತು: ತೊಟ್ಟಿ ಹೆಚ್ಚು ಆರುವ ಏಪ್ರಿಲ್ಲಿನಲ್ಲೇ ಅಬ್ಬಿಯೂ ಬತ್ತುತ್ತದೆ.

ಕೊನೆಯದು ತ್ಯಾಜ್ಯಪ್ರಕರಣ. ಒಂದು ಲೀಟರ್ ಶುದ್ಧಕ್ಕೆ ಮೂರು ಲೀಟರ್ ಹೊರಕ್ಕೆ. 40ರ ನೀರಿನ ತ್ಯಾಜ್ಯ ಲೆಕ್ಕದ ಪ್ರಕಾರ 53. ಮಾನಕದ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಗೃಹಸ್ಥ ಅದನ್ನು ಅಡಿಕೆ ಸಸಿಯ ಬುಡಕ್ಕೆ ಬಿಡುವುದೆಂದು ಪೈಪು ಎಳೆದಿದ್ದ. ಮಾರನೆಯ ಬೆಳಗ್ಗೆ ಅಮ್ಮ ಆ ಪೈಪನ್ನು ಎತ್ತಿ ಅಡುಗೆಮನೆಯ ಕೊಡಕ್ಕೆ ತಿರುಗಿಸಿದ್ದರು. ಈಗ ಮನೆಯಲ್ಲಿ ಕಾಫಿ, ಅನ್ನ, ಸಾರು ಎಲ್ಲ ತ್ಯಾಜ್ಯದಲ್ಲೇ. ಸೊನ್ನೆಯ ನೀರು ಜಗಲಿಯಲ್ಲಿದೆ, ಉಪ್ಪು ಬೆರೆಸಿಕೊಂಡು, ದೀಪ ಹಚ್ಚಿಕೊಂಡು, ಇನ್ನೂ ಹವಳವಿಲ್ಲದೆ.