ಬಾಲ ಕತ್ತರಿಸಿದರೂ ಜಗ್ಗದ ಸಂಖ್ಯೆ

ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಸೈಟಿನ ಬೆಲೆಯಲ್ಲ, ಗಾಬರಿ ಬೇಡ. 73939133 ಒಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಯಾರಿಗೂ ಪಾಲು ಕೊಡದ ಆಸಾಮಿ.

ಇದರ ಗಮ್ಮತ್ತು ಬಾಲದಲ್ಲಿದೆ. ಕೊನೆಯ ಅಂಕಿ ಕತ್ತರಿಸಿ: 7393913, ಅದೂ ಅವಿಭಾಜ್ಯ. ಮತ್ತೆ ಕತ್ತರಿಸಿ: 739391. ಹೀಗೇ 73939, 7393, 739, 73, ಕಡೆಗೆ ಒಂಟಿ 7. ಒಂದಾದರೂ ಒಡೆಯಬೇಕಲ್ಲ? ಊಹುಂ! ಹತ್ತರ ಪದ್ಧತಿಯಲ್ಲಿ ಇಂಥ ಸಂಖ್ಯೆಗಳು ಒಟ್ಟು 83. ಅವುಗಳಲ್ಲೆಲ್ಲ ಇದೇ ಹಿರಿಯಣ್ಣ. ಇದರ ಬಾಲಕ್ಕೆ ಇನ್ನು ಯಾವ ಅಂಕಿ ಅಂಟಿಸಿದರೂ ಮರ್ಯಾದೆ ಹೋಯಿತು. 1 ಅಥವಾ 7 ಸೇರಿಸಿದರೆ ಮೂರರ ಮಗ್ಗಿಯೇ ಸಾಕು ಒಡೆಯಲು.

ಇಷ್ಟು ಗಟ್ಟಿಗನಿಗೆ ಗಣಿತಜ್ಞರು ಕೊಟ್ಟ ಬಿರುದುಗಳನ್ನು ನೋಡಬೇಕು. ಭಾಜಕಗಳನ್ನು ಕೂಡಿದರೆ (ತನ್ನನ್ನು ಬಿಟ್ಟು) ಬರುವುದು ಬರೀ 1, ಆದ್ದರಿಂದ ‘ಕೊರತೆಯ ಸಂಖ್ಯೆ’. ದ್ವಿಮಾನದಲ್ಲಿ ಬರೆದರೆ ಹದಿಮೂರು ಒಂದುಗಳು, ಅಂದರೆ ಬೆಸ. ಅದಕ್ಕೆ ‘ಅಸಹ್ಯ ಸಂಖ್ಯೆ’! ಸಮ ಇದ್ದಿದ್ದರೆ ‘ದುಷ್ಟ’ ಅನ್ನುತ್ತಿದ್ದರು. ಒಟ್ಟಿನಲ್ಲಿ ಬೈಗುಳ ತಪ್ಪುತ್ತಿರಲಿಲ್ಲ.

ಇನ್ನು ಸುಖದ ಪರೀಕ್ಷೆ. ಅಂಕಿಗಳ ವರ್ಗಗಳನ್ನು ಕೂಡುತ್ತಾ ಹೋದಾಗ 1 ಸಿಕ್ಕರೆ ಸುಖಿ. ಇದಕ್ಕೆ ಸಿಗುವುದು 248, 84, 80, 64, 52, 29, 85, 89. ಎಂಬತ್ತೊಂಬತ್ತಕ್ಕೆ ಬಿದ್ದರೆ ಮುಗಿಯಿತು, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ. ಪಾಪ, ಅಸುಖಿ.

ಆದರೆ ಬಾಲದ 3 ತೆಗೆದ 7393913 ಮಾತ್ರ ಪರಮ ಸುಖಿ. ಅನುಮಾನವಿದ್ದವರು ಪೆನ್ನು ಹಿಡಿದು ಕೂಡಿ ನೋಡಿ. ಮೊದಲ ಮೊತ್ತ 239 ಬರಬೇಕು.